ಸೌಂಡ್ ಕಾರ್ಡಿಗೆ ನಾನು ಬರೆದ ಕಮಾಂಡ್: ತುಮಕೂರಿನ ಒಂದು ರೆಕಾರ್ಡಿಂಗ್ ಕೋಣೆಯ ಅನುಭವ

ತುಮಕೂರಿನ ಬಿ.ಎಚ್. ರಸ್ತೆಗೆ ಅಂಟಿಕೊಂಡಂತಿರುವ ಒಂದು ಸಣ್ಣ ಕೋಣೆಯಲ್ಲಿ ನಾವು ಕೆಲವರು ಸೇರಿ, ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತೇವೆ. ಸಾಮಾನು ಅಂತ ದೊಡ್ಡದೇನಿಲ್ಲ. ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ಹಳೇ ಲ್ಯಾಪ್‌ಟಾಪ್, ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಸಣ್ಣ ಸಾಧನ), ಒಂದು ಮೈಕ್, ಒಂದು ಹೆಡ್‌ಫೋನ್. ಹೆಚ್ಚು ಓದುವವರು ನಿವೃತ್ತ ಮೇಷ್ಟ್ರೊಬ್ಬರು. ಅವರಿಗೂ ದೃಷ್ಟಿಯಿಲ್ಲ. ಬ್ರೈಲ್ ಪುಸ್ತಕದ ಮೇಲೆ ಬೆರಳಾಡಿಸುತ್ತಾ ಓದುತ್ತಾರೆ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಓರ್ಕಾ ಎಂಬ ಸ್ಕ್ರೀನ್ ರೀಡರ್ ಇಟ್ಟುಕೊಂಡು ಲ್ಯಾಪ್‌ಟಾಪನ್ನೂ ತಾವೇ ನಡೆಸುತ್ತಾರೆ.

ಸೌಂಡ್ ಕಾರ್ಡಿನ ಸೆಟ್ಟಿಂಗ್ ಬದಲಿಸಲು ಲಿನಕ್ಸ್‌ನಲ್ಲಿ ಅಲ್ಸಾಮಿಕ್ಸರ್ ಎಂಬ ಪ್ರೋಗ್ರಾಂ ಇದ್ದೇ ಇದೆ. ಆದರೆ ಅದು ಕಣ್ಣಿದ್ದವರಿಗೆ ಮಾಡಿದ್ದು. ಪರದೆ ತುಂಬ ನಿಂತ ಕಂಬಗಳು, ಬುಡದಲ್ಲಿ ‘ಎಂಎಂ’ ಇದ್ದರೆ ಮ್ಯೂಟ್, ‘ಒಒ’ ಇದ್ದರೆ ಚಾಲೂ. ಓರ್ಕಾ ಅದನ್ನು ಓದಲು ಹೊರಟರೆ ಕೇಳಲಾಗದ ಗೋಜಲು. ಟೈಪ್ ಮಾಡಿ ನಡೆಸುವ ಎ-ಮಿಕ್ಸರ್ ಎಂಬ ಕಮಾಂಡ್ ವಾಸಿ, ಸಾಲುಸಾಲಾಗಿ ಉತ್ತರ ಕೊಡುತ್ತದೆ. ಆದರೆ ಮೈಕ್ ಸರಿಮಾಡಲು ಕಾರ್ಡ್ ಯಾವುದು, ಕಂಟ್ರೋಲ್ ಹೆಸರೇನು, ಎಷ್ಟಕ್ಕೆ ಇಡಬೇಕು ಎಂದು ಮೂರನ್ನೂ ನೆನಪಿಟ್ಟುಕೊಳ್ಳಬೇಕು. ಹಾಗಾಗಿ ಎ-ಮಿಕ್ಸರ್‌ನ ಬೆನ್ನ ಮೇಲೆ ಕೂರುವ ಒಂದು ಸಣ್ಣ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದು ‘ದನಿ’ ಎಂದು ಕರೆದೆ. ‘ದನಿ ಪಾಠ’ ಎಂದರೆ ಒಬ್ಬರೇ ಮೈಕಿನ ಹತ್ತಿರ ಕೂತು ಓದುವುದಕ್ಕೆ, ‘ದನಿ ಗುಂಪು’ ಎಂದರೆ ಮೂರ್ನಾಲ್ಕು ಜನ ಮೇಜಿನ ಸುತ್ತ ಕೂತಾಗ. ಬಳಸುವವರಿಗೆ ಕೆಲಸದ ಹೆಸರು ಸಾಕು, ಕಾರ್ಡಿನೊಳಗಿನ ಚಿಪ್‌ನ ಹೆಸರು ಯಾಕೆ? ಟೈಪ್ ಮಾಡುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಲಿನಕ್ಸ್‌ನ ಕಪ್ಪು ಕನ್ಸೋಲಿನ (ಕಮಾಂಡ್ ಟೈಪ್ ಮಾಡುವ ಪರದೆಯ) ಫಾಂಟಿಗೆ 512 ಆಕಾರಗಳ ಮಿತಿ, ಒತ್ತಕ್ಷರ ಜೋಡಿಸುವ ಬುದ್ಧಿಯಂತೂ ಅದಕ್ಕಿಲ್ಲ.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಸಂಪ್ರದಾಯದಲ್ಲಿ ಕಮಾಂಡ್ ಗೆದ್ದರೆ ಸುಮ್ಮನಿರಬೇಕು, ಸೋತರಷ್ಟೇ ಬಾಯಿಬಿಡಬೇಕು. ಮೇಷ್ಟ್ರು ಮೊದಲ ದಿನವೇ ಅದನ್ನು ತಳ್ಳಿಹಾಕಿದರು. “ಆಯ್ತೋ ಇಲ್ವೋ ಅಂತ ಅದೇ ಹೇಳ್ಬೇಕು ಕಣಪ್ಪ. ಸುಮ್ನಿದ್ರೆ ನಾನು ಏನಂತ ತಿಳ್ಕೊಳ್ಲಿ?” ಅವರ ಮಾತು ಸರಿ. ಈಗ ದನಿ ಪ್ರತಿಸಲವೂ ಸೆಟ್ಟಿಂಗ್ ಬರೆದ ಮೇಲೆ ಕಾರ್ಡಿನಿಂದ ಮತ್ತೆ ಓದಿ, ಅಲ್ಲಿ ನಿಜವಾಗಿ ಏನು ಕೂತಿದೆಯೋ ಅದನ್ನೇ ಒಂದು ಸಾಲಿನಲ್ಲಿ ಹೇಳುತ್ತದೆ.

ಕೇಳಿದ್ದೇ ಬೇರೆ, ಕೂತಿದ್ದೇ ಬೇರೆ ಆಗುವುದುಂಟು. ನಮ್ಮ ಕಾರ್ಡಿನಲ್ಲಿ ಮೈಕ್ ಕ್ಯಾಪ್ಚರ್‌ಗೆ, ಅಂದರೆ ರೆಕಾರ್ಡಿಗೆ ಹೋಗುವ ದನಿಯ ಮಟ್ಟಕ್ಕೆ, ಇರುವುದು 0ಯಿಂದ 35ರವರೆಗಿನ ಮೆಟ್ಟಿಲುಗಳು. 50 ಶೇಕಡಾ ಎಂದರೆ ಹದಿನೇಳೂವರೆ, ಅಂಥ ಮೆಟ್ಟಿಲೇ ಇಲ್ಲ. ಎ-ಮಿಕ್ಸರ್ 18ಕ್ಕೆ ಏರಿಸಿ, 51 ಎಂದು ಉತ್ತರ ಕೊಡುತ್ತದೆ. ಇನ್ನೊಂದು ಕಾರ್ಡಿಗೆ ಮೆಟ್ಟಿಲುಗಳ ಲೆಕ್ಕವೇ ಬೇರೆ, ಅಲ್ಲಿನ 50ಕ್ಕೂ ಇಲ್ಲಿನ 50ಕ್ಕೂ ಸಂಬಂಧವಿಲ್ಲ. ಆದ್ದರಿಂದ ದನಿಯ ಒಳಗೆ ಶೇಕಡಾ ಇಟ್ಟಿಲ್ಲ, ದನಿಯ ಮಟ್ಟ ಅಳೆಯುವ ಡೆಸಿಬೆಲ್‌ನಲ್ಲೇ (ಡಿಬಿ) ಬರೆದಿದ್ದೇನೆ. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಆ ಮಾಹಿತಿ ಕೊಟ್ಟಿದ್ದರೆ, ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಅಲ್ಸಾ ಡೆಸಿಬೆಲ್ಲಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅದನ್ನು ನಮಗೆ ಒದಗಿಸುತ್ತದೆ.

ಅಗ್ಗದ ಯುಎಸ್‌ಬಿ ಕಾರ್ಡುಗಳ ಇನ್ನೊಂದು ಚಾಳಿ ‘ಆಟೊ ಗೇನ್ ಕಂಟ್ರೋಲ್’, ಅಂದರೆ ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂದು (ಗೇನ್) ತಾನೇ ತೀರ್ಮಾನಿಸುವುದು. ಕಾರ್ಡ್ ಚುಚ್ಚಿದಾಗ ನಮ್ಮದರಲ್ಲಿ ಅದು ಆನ್ ಆಗಿಯೇ ಬರುತ್ತದೆ. ಮೇಷ್ಟ್ರು ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ, ಮೌನ ಕಂಡ ಚಿಪ್ ಗೇನ್ ಏರಿಸುತ್ತದೆ. ಫ್ಯಾನಿನ ಸದ್ದು ಮೆಲ್ಲಗೆ ಉಬ್ಬಿ ಬರುತ್ತದೆ, ಹೊರಗಿನ ಬಸ್ಸಿನ ಹಾರನ್ನೂ ಜೊತೆಗೆ. ಮತ್ತೆ ಓದು ಶುರುವಾದ ಕೂಡಲೇ ಮೊದಲ ಪದ ಕಿರುಚಿಕೊಂಡು ಹೊರಡುತ್ತದೆ, ಎರಡನೆಯದಕ್ಕೆ ಎಲ್ಲ ತಗ್ಗುತ್ತದೆ. ಇಡೀ ಪಾಠ ಹೀಗೆ ಏರಿಳಿದರೆ ಎಡಿಟಿಂಗ್‌ನಲ್ಲೂ ಸರಿಹೋಗದು. ಯಾವ ಕೆಲಸದ ಹೆಸರು ಕೊಟ್ಟರೂ ದನಿ ಮೊದಲು ಮಾಡುವುದು ಇದನ್ನು ಆಫ್ ಮಾಡುವುದನ್ನೇ.

ಎ-ಮಿಕ್ಸರ್‌ನಲ್ಲಿ ‘ಮೈಕ್’ ಎಂಬ ಒಂದೇ ಹೆಸರಿನ ಕೆಳಗೆ ಎರಡು ಗುಂಡಿಗಳಿರುತ್ತವೆ. ಒಂದು ರೆಕಾರ್ಡಿಗೆ ಹೋಗುವ ಮಟ್ಟ, ಇನ್ನೊಂದು ನಮ್ಮ ದನಿ ನಮ್ಮ ಹೆಡ್‌ಫೋನಿಗೇ ಹೋಗುವ ಮಟ್ಟ. ‘ಕ್ಯಾಪ್ಚರ್’ ಎಂದು ಬಿಡಿಸಿ ಹೇಳದಿದ್ದರೆ ಕಮಾಂಡ್ ಎರಡನ್ನೂ ಮುಟ್ಟುತ್ತದೆ. ದನಿಯಲ್ಲಿ ಎರಡನ್ನೂ ಬೇರೆ ಬೇರೆ ಇಟ್ಟೆ, ಎರಡನೆಯದು ಯಾವಾಗಲೂ ಮ್ಯೂಟ್.

ಮ್ಯೂಟ್ ವಿಷಯದಲ್ಲೇ ಅತಿ ಹೆಚ್ಚು ಯೋಚಿಸಿದ್ದು. ನಮಗೆ ಸ್ಪೀಕರ್ ಮ್ಯೂಟ್ ಆದರೆ ಪರದೆ ನೋಡಿ ತೆಗೆಯುತ್ತೇವೆ. ಮೇಷ್ಟ್ರಿಗೆ ಸ್ಪೀಕರಿನಿಂದ ಬರುವ ಓರ್ಕಾದ ಮಾತೇ ಪರದೆ. ಅದಕ್ಕೆ ಕೆಲಸ ಹಂಚಿದೆ: ಓರ್ಕಾ ಮಾತಾಡುವುದು ಲ್ಯಾಪ್‌ಟಾಪಿನ ಒಳಗಿನ ಕಾರ್ಡಿನಲ್ಲಿ, ಪಾಠ ರೆಕಾರ್ಡ್ ಆಗುವುದು ಯುಎಸ್‌ಬಿಯಲ್ಲಿ. ಒಳಗಿನ ಕಾರ್ಡನ್ನು ಮ್ಯೂಟ್ ಮಾಡುವ ದಾರಿಯೇ ದನಿಯಲ್ಲಿಲ್ಲ, ಒಂದು ಮಟ್ಟಕ್ಕಿಂತ ತಗ್ಗಿಸಲೂ ಬಿಡುವುದಿಲ್ಲ. ಬಲವಂತ ಮಾಡುವ ಆಯ್ಕೆ ಇರಲಿ ಎಂದು ಗೆಳೆಯನೊಬ್ಬ ವಾದಿಸಿದ. ನಾನು ಒಪ್ಪಲಿಲ್ಲ. ಅಂಥದ್ದು ಬೇಕಾದವನಿಗೆ ಎ-ಮಿಕ್ಸರ್ ಅಲ್ಲೇ ಇದೆಯಲ್ಲ.

ಕಾರ್ಡ್ ಗುರುತಿಸಲು ನಂಬರ್ ನಂಬಬಾರದು. ಇವತ್ತು 1 ಆಗಿದ್ದ ಯುಎಸ್‌ಬಿ ಕಾರ್ಡ್ ನಾಳೆ 0 ಆಗಿ ಬರಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್ ಪ್ರತಿ ಕಾರ್ಡಿಗೂ ಒಂದು ಚಿಕ್ಕ ಹೆಸರನ್ನೂ ಕೊಡುತ್ತದೆ, ಎ-ಮಿಕ್ಸರ್ ನಂಬರಿನ ಜಾಗದಲ್ಲಿ ಆ ಹೆಸರನ್ನೂ ಒಪ್ಪುತ್ತದೆ. ಒಂದೇ ಮಾದರಿಯ ಎರಡು ಕಾರ್ಡ್ ಚುಚ್ಚಿದರೆ ಹೆಸರೂ ಗಲಿಬಿಲಿ, ಆಗ ಚುಚ್ಚಿದ ಸಾಧನಗಳನ್ನು ಗುರುತಿಸುವ ಯುಡೆವ್‌ಗೆ ನಿಯಮ ಬರೆದು ಯಾವ ಪೋರ್ಟಿಗೆ ಯಾವ ಹೆಸರು ಎಂದು ಕಟ್ಟಿಹಾಕಬೇಕು. ತನಗೆ ಗೊತ್ತಿರುವ ಹೆಸರಿನ ಕಾರ್ಡ್ ಸಿಗದಿದ್ದರೆ ದನಿ ಕೈಗೆ ಸಿಕ್ಕ ಕಾರ್ಡನ್ನು ಮುಟ್ಟದೆ, “ಯುಎಸ್‌ಬಿ ಕಾರ್ಡ್ ಸಿಗಲಿಲ್ಲ” ಎಂದು ಹೇಳಿ ನಿಲ್ಲುತ್ತದೆ. ಎಲ್ಲ ಪ್ರೋಗ್ರಾಂಗಳ ಧ್ವನಿಯನ್ನು ಕಾರ್ಡುಗಳಿಗೆ ಹಂಚುವ ಪೈಪ್‌ವೈರ್ ಎಂಬ ತಂತ್ರಾಂಶ ನಡುವೆ ಬಂದು ಕಾರ್ಡ್ ಹಿಡಿದುಕೊಳ್ಳದ ಹಾಗೆ ಅದರಲ್ಲಿ ಈ ಕಾರ್ಡಿನ ಪ್ರೊಫೈಲನ್ನೇ ಆಫ್ ಮಾಡಿದ್ದೇನೆ.

ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ಕೈಕೊಡುವುದು ಮಾಮೂಲಿ, ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿದೆ. ಸೆಟ್ಟಿಂಗುಗಳು ಡಿಸ್ಕಿಗೆ ಉಳಿಯುವುದು ಯಂತ್ರವನ್ನು ಸರಿಯಾಗಿ ಶಟ್‌ಡೌನ್ ಮಾಡಿದಾಗ, ತಟ್ಟನೆ ಕರೆಂಟ್ ಹೋದರೆ ಹಳೆಯದೇ ವಾಪಸ್ ಬರುತ್ತದೆ. ಆದ್ದರಿಂದ ಉಳಿಸಿದ್ದು ಸರಿಯಾಗಿ ಬಂದಿದೆಯೋ ಎಂಬ ಗೊಡವೆಗೇ ಹೋಗದೆ, ಪ್ರತಿ ಕೆಲಸದ ಸೆಟ್ಟಿಂಗನ್ನು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿಟ್ಟು ಪ್ರತಿಸಲವೂ ಪೂರ್ತಿ ಬರೆಯುತ್ತೇನೆ.

ಏನೂ ಸೇರಿಸದೆ ಬರೀ ‘ದನಿ’ ಎಂದು ಹೊಡೆದರೆ ಬಹಳಷ್ಟು ಕಮಾಂಡುಗಳು ಉದ್ದನೆಯ ಸಹಾಯಪತ್ರ ಸುರಿಯುವ ಹಾಗೆ ಇದೂ ಸುರಿಯುತ್ತಿತ್ತು. ಮೇಷ್ಟ್ರು ಅದನ್ನು ಪೂರ್ತಿ ಕೇಳಿಸಿಕೊಂಡು, “ಇಷ್ಟು ಹೊತ್ತಿಗೆ ಒಂದು ಪುಟ ಓದ್ತಿದ್ದೆ” ಎಂದರು. ಈಗ ಅದು ಇಷ್ಟೇ ಹೇಳುತ್ತದೆ: “ಪಾಠ. ಮೈಕ್ ಆನ್, 6 ಡಿಬಿ. ಆಟೊ ಗೇನ್ ಆಫ್.” ದಿನಕ್ಕೆ ಅತಿ ಹೆಚ್ಚು ಸಲ ಬಳಕೆಯಾಗುವುದು ಅದೇ.