ಕೌದಿ ಮನೆಯಲ್ಲಿ, ಕುಲಾವಿ ರೈಲಿನಲ್ಲಿ

ಬೆಂಗಳೂರಿನಲ್ಲಿರುವ ಅಕ್ಕನ ಬಸುರಿ ಮಗಳಿಗೆ ಏಳು ತಿಂಗಳು ತುಂಬಿದಾಗ ನಾನು ಕಲಬುರಗಿಯ ನಮ್ಮ ಮನೆಯಲ್ಲಿ ಅವ್ವನ ಟ್ರಂಕು ತೆಗೆದೆ. ಅವ್ವ ಉಟ್ಟು ಉಟ್ಟು ಮೆತ್ತಗಾದ ಎರಡು ಹತ್ತಿ ಸೀರೆ, ಅಪ್ಪನ ಒಂದು ಧೋತರ ಅದರಲ್ಲಿದ್ದವು. ತೊಟ್ಟಿಲಿಗೆ ಹಾಸುವ ಕೌದಿಗೆ ಅಷ್ಟು ಸಾಕಾಗಿ ಮಿಗುತ್ತದೆ. ಇದಕ್ಕಾಗಿ ಹೊಸ ಬಟ್ಟೆ ತರಲು ಹೋಗಬೇಡಿ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಎಳೆ ಕೂಸಿನ ಮೈಗೆ ಒರಟಾಗುತ್ತದೆ. ವರ್ಷಗಟ್ಟಲೆ ಒಗೆದ ಸೀರೆಯ ಮೆತ್ತನೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕುಲಾವಿಯನ್ನು, ಅಂದರೆ ಕೂಸಿನ ಟೋಪಿಯನ್ನು, ಮಾತ್ರ ಆಗ ಮುಟ್ಟಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತ ಮಾತಿದೆ ಅಲ್ವಾ, ಅದನ್ನು ನಾನು ಈಗಲೂ ಪಾಲಿಸುತ್ತೇನೆ. ಕೌದಿಯ ಮಾತು ಬೇರೆ. ಮನೆಯಲ್ಲಿ ಒಂದು ಕೌದಿ ಇದ್ದರೆ ಯಾರಿಗಾದರೂ ಆಗುತ್ತದೆ. ಹಾಗಾಗಿ ಎರಡು ತಿಂಗಳು ಕೌದಿ ಹೊಲಿದೆ. ಹೆಣ್ಣು ಕೂಸು ಎಂದು ಫೋನ್ ಬಂದ ಮೇಲೆ, ನೋಡಲು ಹೋಗುವಾಗ ರೈಲಿನಲ್ಲಿ ಕುಲಾವಿ ಹೆಣೆದೆ.

ಈ ಎರಡು ಕೆಲಸಗಳನ್ನು ಬೇರೆ ಮಾಡಿದ್ದು ಬರೀ ನಂಬಿಕೆಯಿಂದಲ್ಲ. ಕೌದಿಗೆ ನೆಲ ಬೇಕು. ಅಗಲವಾಗಿ ಹಾಸಬೇಕು, ಸುತ್ತ ಓಡಾಡಬೇಕು. ಹೆಣಿಗೆಗೆ ಮಡಿಲು ಸಾಕು. ಬಹಳ ಜನ ದೊಡ್ಡ ಕೆಲಸವನ್ನು ಚೀಲದಲ್ಲಿ ತುಂಬಿಕೊಂಡು ಹೊರಡುತ್ತಾರೆ, ದಾರಿಯಲ್ಲಿ ಬಿಚ್ಚಲೂ ಆಗದೆ ಹಾಗೇ ವಾಪಸ್ ತರುತ್ತಾರೆ. ಆಮೇಲೆ ಕೈಕೆಲಸಕ್ಕೆ ಪುರುಸೊತ್ತಿಲ್ಲ ಅನ್ನುತ್ತಾರೆ. ಪುರುಸೊತ್ತು ಇರುತ್ತದೆ. ಎಲ್ಲಿ ಕೂತು ಮಾಡುತ್ತೇವೆ ಎಂದು ಮೊದಲು ನೋಡಿ, ಆಮೇಲೆ ಕೆಲಸ ಆರಿಸಬೇಕು.

ಮೊದಲು ಬಟ್ಟೆ ನೋಡಿ

ಹತ್ತಿಯ ಜೊತೆ ಹತ್ತಿಯನ್ನೇ ಸೇರಿಸಿ. ಪಾಲಿಸ್ಟರ್ ಜಾರುತ್ತದೆ, ಬೆವರು ಹೀರುವುದಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಅದರ ಮೇಲೆ ಕೂಸು ಮಲಗಲಾರದು. ಯಾವ ಬಟ್ಟೆ ಎಂದು ಗೊತ್ತಾಗದಿದ್ದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆ ಬೂದಿ ಉಳಿಯುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಬಣ್ಣದ ವಿಷಯದಲ್ಲಿ ಅವಸರ ಬೇಡ. ನನ್ನ ಮೊದಲ ಕೌದಿಯಲ್ಲಿ ಕೆಂಪು ಸೀರೆಯನ್ನು ಬಿಳಿ ಧೋತರದ ಪಕ್ಕದಲ್ಲಿಟ್ಟು ಹೊಲಿದಿದ್ದೆ. ಮೊದಲ ಒಗೆತಕ್ಕೇ ಬಿಳಿಯೆಲ್ಲ ಗುಲಾಬಿಯಾಯಿತು. ತಿಂಗಳ ಕೆಲಸ, ನೋಡಿ ಅಳು ಬಂತು. ಅಂದಿನಿಂದ ಕೆಂಪು, ಕಪ್ಪು, ಕಡುನೀಲಿ ಬಟ್ಟೆಗಳನ್ನು ಬೇರೆ ನೆನೆಹಾಕಿ, ನೀರು ತಿಳಿಯಾಗುವ ತನಕ ಒಗೆಯುತ್ತೇನೆ. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡುತ್ತೇನೆ. ಬಣ್ಣ ಹತ್ತಿದರೆ ಆ ಸೀರೆ ಕೌದಿಗೆ ಬೇಡ.

ಬಟ್ಟೆಯನ್ನು ಬೆಳಕಿಗೆ ಹಿಡಿದೂ ನೋಡಬೇಕು. ಸೆರಗು, ದಡಿ ಸಾಮಾನ್ಯವಾಗಿ ಗಟ್ಟಿ ಉಳಿದಿರುತ್ತವೆ. ಕೂರುವ ಜಾಗದಲ್ಲಿ ಸೀರೆ ಸವೆದಿರುತ್ತದೆ. ಸವೆದದ್ದು ಒಳಗಿನ ಪದರಕ್ಕೆ, ಗಟ್ಟಿಯಾದದ್ದು ಅಡಿಗೆ ಮತ್ತು ಮೇಲಕ್ಕೆ.

ಅಳತೆ

ತೊಟ್ಟಿಲ ಕೌದಿಗೆ 75 ಸೆಂ.ಮೀ. ಅಗಲ, 100 ಸೆಂ.ಮೀ. ಉದ್ದ ಸಾಕು. ಆರು ಗಜದ ಸೀರೆ ಸುಮಾರು ಐದೂವರೆ ಮೀಟರ್ ಇರುತ್ತದೆ, ಪನ್ನಾ, ಅಂದರೆ ಅಗಲ, ಹೆಚ್ಚುಕಡಿಮೆ 1 ಮೀಟರ್ 15 ಸೆಂ.ಮೀ. ಅದನ್ನು 85 ಸೆಂ.ಮೀ.ಗೆ ಒಂದರಂತೆ ಕತ್ತರಿಸಿದರೆ 6 ತುಂಡು ಬರುತ್ತವೆ. ಒಂದು ಗಟ್ಟಿ ತುಂಡನ್ನು 85 ಮತ್ತು 110 ಸೆಂ.ಮೀ. ಅಳತೆಗೆ ಇಟ್ಟುಕೊಳ್ಳಿ. ಇದು ಅಡಿಯ ಬಟ್ಟೆ, ಇದರಲ್ಲಿ ಜೋಡು ಇರಬಾರದು. ಉಳಿದವುಗಳಲ್ಲಿ 4 ತುಂಡನ್ನು 75 ಮತ್ತು 100ಕ್ಕೆ ಕತ್ತರಿಸಿ. ಮೂರು ನಡುವಿಗೆ, ಒಂದು ಮೇಲಕ್ಕೆ. ಆರನೆಯದು ತೇಪೆಗೆ, ಮೂಲೆಗೆ. ಒಟ್ಟು ಐದು ಪದರ. ಇದಕ್ಕಿಂತ ಜಾಸ್ತಿ ಹಾಕಿದರೆ ಸೂಜಿ ದಾಟುವುದು ಕಷ್ಟ, ತೊಳೆದರೆ ಒಣಗುವುದೂ ಕಷ್ಟ.

ಮೇಲಿನ ಪದರವನ್ನು ತುಂಡುಗಳಿಂದ ಜೋಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಕೌದಿ ಅಂದರೆ ಬಣ್ಣವೇ ತಾನೆ! ಆದರೆ ಮೊದಲ ಸಲ ಇಡೀ ಬಟ್ಟೆಯ ಮೇಲೆ ನಾಲ್ಕಾರು ತೇಪೆ ಮಾತ್ರ ಇಡಿ. ತೇಪೆಯ ಅಂಚನ್ನು ಅರ್ಧ ಸೆಂ.ಮೀ. ಒಳಗೆ ಮಡಚಿ ಹೊಲಿದರೆ ಎಳೆ ಬಿಡುವುದಿಲ್ಲ.

ಹಾಸುವುದು, ಹೊಲಿಯುವುದು

ನಮ್ಮ ಮನೆಗಳಲ್ಲಿ ಒಂದು ಅನುಕೂಲ ಇದೆ. ನೆಲಕ್ಕೆ ಶಹಾಬಾದಿನ ಫರ್ಸಿ ಕಲ್ಲು. ಅದರ ಸಂದುಗಳು ನೇರ ಇರುತ್ತವೆ, ಸಂದಿಗೆ ಅಡಿಯ ಬಟ್ಟೆಯ ಅಂಚು ಹಿಡಿದು ಹಾಸಿದರೆ ಮೂಲೆಗಳು ಸೊಟ್ಟಾಗುವುದಿಲ್ಲ. ಬಟ್ಟೆಯ ಒಳಮೈ ಮೇಲೆ ಬರಲಿ. ಸುತ್ತಲೂ 5 ಸೆಂ.ಮೀ. ಬಿಟ್ಟು ಮೂರು ಪದರ ಒಂದರ ಮೇಲೊಂದು ಹಾಸಿ, ಮೇಲಿನದನ್ನು ಹೊದಿಸಿ. ಪ್ರತಿ ಪದರವನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಒಂದು ಸುಕ್ಕು ಒಳಗೆ ಉಳಿದರೆ ಅದು ಕೊನೆಯ ತನಕ ಕಾಡುತ್ತದೆ. ಅದಕ್ಕೇ ನಾನು ಹಾಸುವ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ಫ್ಯಾನ್ ಕೂಡ ಬಂದ್ ಮಾಡುತ್ತೇನೆ.

ಈಗ ಕಚ್ಚಾ ಹೊಲಿಗೆ. ಗೇಣಿಗೊಂದು ಗೆರೆ, ಉದ್ದಕ್ಕೂ ಅಡ್ಡಕ್ಕೂ, ದೊಡ್ಡ ದೊಡ್ಡ ಹೊಲಿಗೆ. ಬೇರೆ ಬಣ್ಣದ ದಾರ ಹಾಕಿದರೆ ಆಮೇಲೆ ಬಿಚ್ಚುವುದು ಸುಲಭ. ಇದನ್ನು ಬಿಟ್ಟು ಪಿನ್ನು ಚುಚ್ಚಿ ಸಾಗಿಸೋಣ ಅನ್ನಿಸುತ್ತದೆ. ಕೂಸಿನ ಕೌದಿಗೆ ಪಿನ್ನು ಬೇಡವೇ ಬೇಡ, ಒಂದು ಒಳಗೆ ಉಳಿದರೂ ಅಪಾಯ.

ಅಂಚನ್ನು ಮೊದಲೇ ಮುಗಿಸಿಬಿಡಿ. ಅಡಿಯ ಬಟ್ಟೆಯ 5 ಸೆಂ.ಮೀ.ಯನ್ನು ಅರ್ಧಕ್ಕೆ ಮಡಚಿ, ಇನ್ನೊಮ್ಮೆ ಮಡಚಿ ಮೇಲಿನ ಪದರದ ಮೇಲೆ ತಂದು ಹೆಮ್ಮಿಂಗ್ ಮಾಡಿ. ದಡಿ ಇರುವ ಸೀರೆಯಾದರೆ ದಡಿಯೇ ಚೌಕಟ್ಟಾಗಿ ಕಾಣುತ್ತದೆ, ತುಂಬಾ ಚಂದ.

ಆಮೇಲೆ ಓಡು ಹೊಲಿಗೆ. ಸೂಜಿ ಮೇಲೆ ಬಂದು ಕೆಳಗೆ ಹೋಗುತ್ತದೆ, ಅಷ್ಟೇ. ಕೌದಿಯ ಎಲ್ಲ ಬಲವೂ ಈ ಸಾದಾ ಹೊಲಿಗೆಯಲ್ಲಿದೆ. ದಪ್ಪ ಹತ್ತಿ ದಾರವನ್ನು ಜೋಡೆಳೆ ಮಾಡಿ, ಮೇಣದ ತುಂಡಿನ ಮೇಲೆ ಒಮ್ಮೆ ಎಳೆಯಿರಿ, ಸಿಕ್ಕಾಗುವುದಿಲ್ಲ. ಜೋಡಿಸಿದ ಮೇಲೆ ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ. ಗಂಟನ್ನು ಪದರಗಳ ನಡುವೆ ಎಳೆದು ಅಡಗಿಸಿ. ಹೊಲಿಗೆ ಜೋಳದ ಕಾಳಿನಷ್ಟು ಇರಲಿ, ಬಿಡುವ ಸಂದೂ ಅಷ್ಟೇ. ಗೆರೆಗಳ ನಡುವೆ 2 ಸೆಂ.ಮೀ., ಅಂದರೆ ಹೆಬ್ಬೆರಳಿನ ಅಗಲ. ನಡುಬೆರಳಿಗೆ ಅಂಗುಸ್ತಾನ (ಸೂಜಿ ತಳ್ಳಲು ಬೆರಳಿಗೆ ಹಾಕುವ ಟೊಪ್ಪಿಗೆ) ಹಾಕಿಕೊಳ್ಳಿ. ಸೂಜಿಯ ಹಿಂಭಾಗ ಚುಚ್ಚಿ ಚುಚ್ಚಿ ಬೆರಳು ನೊಂದರೆ ಮೂರು ದಿನ ಕೆಲಸ ನಿಲ್ಲುತ್ತದೆ.

ಮೊದಲ ಗೆರೆ ನಟ್ಟನಡುವೆ. ಅಲ್ಲಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹೀಗೆ ಮಾಡಿದರೆ ಒಳಗಿನ ಸಣ್ಣ ಉಬ್ಬುಗಳು ಅಂಚಿನ ಕಡೆ ಸರಿಯುತ್ತವೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇದಕ್ಕೆ ಉಲ್ಟಾ ಹೊಲಿಯುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತು ಬಂದು, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಪದರ ಪದರವಾಗಿ ಮಡಚಿದ ಮುಕ್ಕೋನದ ಹೂ ಇಡುತ್ತಾರೆ. ನೋಡಿದರೆ ಕಣ್ಣು ಕೀಳಲಾಗದು. ಆದರೆ ಅದಕ್ಕೆ ಪಳಗಿದ ಕೈ ಬೇಕು. ಎರಡನೇ ಕೌದಿಗೆ ಪ್ರಯತ್ನಿಸಿ. ಹೂವನ್ನು ಮಾತ್ರ ಮೊದಲನೆಯದಕ್ಕೇ ಇಡಬಹುದು, ಆ ಆರನೇ ತುಂಡು ಇದೆಯಲ್ಲ.

75 ಸೆಂ.ಮೀ. ಅಗಲಕ್ಕೆ ಸುಮಾರು 37 ಗೆರೆ ಆಗುತ್ತವೆ. ದಿನಕ್ಕೆ ಮೂರು ಗೆರೆ ಹೊಲಿದರೂ ಎರಡು ವಾರದೊಳಗೆ ಮುಗಿಯುತ್ತದೆ. ನನಗೆ ಎರಡು ತಿಂಗಳು ಹಿಡಿದದ್ದು ನಾನು ತೇಪೆಗಳನ್ನು ಮನಸ್ಸಿಗೆ ಬರುವ ತನಕ ಬದಲಿಸುತ್ತಾ ಕೂತಿದ್ದರಿಂದ. ಮಧ್ಯಾಹ್ನ ಪಡಸಾಲೆಯಲ್ಲಿ ಹಾಸಿಕೊಂಡು ಕೂತರೆ ಓಣಿಯವರು ಬರುತ್ತಾರೆ. "ಯಾರಿಗ್ರೀ ಅಕ್ಕಾರ ಈ ಕೌದಿ?" ಎನ್ನುತ್ತಾ ತಾವೂ ಇನ್ನೊಂದು ತುದಿಯಲ್ಲಿ ಸೂಜಿ ಹಿಡಿಯುತ್ತಾರೆ. ಹಿಡಿಯಲಿ ಬಿಡಿ. ಅವರ ಹೊಲಿಗೆ ನಿಮ್ಮದಕ್ಕಿಂತ ಸ್ವಲ್ಪ ದೊಡ್ಡದಿದ್ದರೂ ಬಿಚ್ಚಬೇಡಿ. ಹತ್ತು ವರ್ಷದ ಮೇಲೆ ಆ ಗೆರೆ ನೋಡಿ, ಇದು ಇಂಥವರ ಕೈ ಎಂದು ಹೇಳಬಹುದು.

ರೈಲಿನ ಚೀಲ

ಚೀಲದಲ್ಲಿ ಇರಬೇಕಾದ್ದು ಇಷ್ಟು. 50 ಗ್ರಾಂ ಉಲ್ಲನ್ ಉಂಡೆ, 8 ನಂಬರಿನ ಹೆಣಿಗೆ ಕಡ್ಡಿ, ಟೇಪು, ಉಲ್ಲನ್ ಹೊಲಿಯುವ ಮೊಂಡ ಸೂಜಿ, ಸಣ್ಣ ಕತ್ತರಿ, ಒಂದು ಚೀಟಿ, ಪೆನ್ನು. 8 ನಂಬರ್ ಅಂದರೆ 4 ಮಿ.ಮೀ. ದಪ್ಪ. ಈ ಹಳೇ ಲೆಕ್ಕದಲ್ಲಿ ನಂಬರ್ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ, ಕೊಳ್ಳುವಾಗ ಗಮನಿಸಿ. ಬಿಡಿಬಿಡಿ ಉದ್ದ ಕಡ್ಡಿಗಿಂತ, ನಡುವೆ ವೈರು ಇರುವ ಜೋಡಿ ಕಡ್ಡಿ ಪ್ರಯಾಣಕ್ಕೆ ಉತ್ತಮ. ಪಕ್ಕದವರ ಪಕ್ಕೆಗೆ ತಾಗುವುದಿಲ್ಲ. ಒಂದು ಕಡ್ಡಿ ಸೀಟಿನ ಕೆಳಗೆ ಉರುಳಿ ಹೋಗುವ ಭಯವೂ ಇಲ್ಲ. ವಿಮಾನದಲ್ಲಿ ಹೋಗುವವರು ಕತ್ತರಿ, ಕಡ್ಡಿ, ಸೂಜಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕಿಬಿಡಿ.

ಉಂಡೆಯನ್ನು ಲಾಡಿ ಇರುವ ಬಟ್ಟೆ ಚೀಲದಲ್ಲಿಟ್ಟು, ಎಳೆಯನ್ನು ಮಾತ್ರ ಹೊರಗೆ ಬಿಡಿ. ರೈಲಿನ ನೆಲಕ್ಕೆ ಬಿದ್ದ ಉಲ್ಲನ್ನಿನಲ್ಲಿ ಕೂಸಿನ ಟೋಪಿ ಹೆಣೆಯಲಾಗದು. ಕೆಲಸ ನಿಲ್ಲಿಸುವಾಗ ಕಡ್ಡಿಯ ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ, ಕುಣಿಕೆ ಜಾರುವುದಿಲ್ಲ. ಬಸ್ಸಿನಲ್ಲಿ ಹೆಣೆಯಬೇಡಿ ಎಂದೇ ನಾನು ಹೇಳುವುದು. ರಸ್ತೆಯ ಒಂದು ಕುಲುಕಿಗೆ ಕಡ್ಡಿ ಕಣ್ಣಿಗೆ ತಾಗಬಹುದು.

ಬೇಸಿಗೆಯ ಕೂಸಿಗೆ ಹತ್ತಿಯ ಎಳೆ, ಬೀದರಿನಂಥ ಕಡೆಯ ಡಿಸೆಂಬರ್ ಚಳಿಗೆ ಮೆತ್ತನೆ ಬೇಬಿ ಉಲ್ಲನ್. ನಮ್ಮ ಕುರಿಯ ಉಣ್ಣೆ ಕಂಬಳಿಗೆ ಬಲು ಗಟ್ಟಿ, ಆದರೆ ಎಳೆ ನೆತ್ತಿಗೆ ಚುಚ್ಚುತ್ತದೆ.

ಕುಲಾವಿ

ಎರಡು ಬಗೆಯ ಹೆಣಿಗೆ ಬಂದರೆ ಸಾಕು. ಎಳೆ ಹಿಂದೆ ಇಟ್ಟು, ಕುಣಿಕೆಯೊಳಗೆ ಕಡ್ಡಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ, ಎಳೆ ಸುತ್ತಿ ಹೊರಗೆಳೆದರೆ ಸೀದಾ. ಎಳೆ ಮುಂದೆ ತಂದು, ಬಲಗಡೆಯಿಂದ ಎಡಕ್ಕೆ ತೂರಿಸಿ ಎಳೆದರೆ ಉಲ್ಟಾ. ಇದನ್ನು ಮನೆಯಲ್ಲೇ ಒಂದು ಸಣ್ಣ ತುಂಡು ಹೆಣೆದು ರೂಢಿ ಮಾಡಿಕೊಳ್ಳಿ. 22 ಕುಣಿಕೆ ಸುಮಾರು 10 ಸೆಂ.ಮೀ. ಅಗಲ ಬರಬೇಕು. ಕಡಿಮೆ ಬಂದರೆ 7 ನಂಬರಿನ ಕಡ್ಡಿ, ಜಾಸ್ತಿ ಬಂದರೆ 9 ನಂಬರಿನದು ಹಿಡಿಯಿರಿ.

ಕಲಬುರಗಿ ಬಿಟ್ಟ ಮೇಲೆ 72 ಕುಣಿಕೆ ಹಾಕಿಕೊಳ್ಳಿ. ಹೆಬ್ಬೆರಳಿಗೆ ಎಳೆ ಸುತ್ತಿ, ಸುತ್ತಿನೊಳಗೆ ಕಡ್ಡಿ ತೂರಿಸಿ ಬೆರಳು ತೆಗೆದರೆ ಒಂದು ಕುಣಿಕೆ. ಬಿಗಿಯಾಗಿ ಎಳೆಯಬೇಡಿ, ಟೋಪಿಯ ಬಾಯಿ ಹಿಗ್ಗಬೇಕು. ವಾಡಿ ಸ್ಟೇಷನ್ ಬರುವಷ್ಟರಲ್ಲಿ ಇದು ಮುಗಿದಿರುತ್ತದೆ. ಇನ್ನೊಮ್ಮೆ ಎಣಿಸಿ. ಇಲ್ಲಿ ತಪ್ಪಿದ ಒಂದು ಕುಣಿಕೆ ಕೊನೆಗೆ ಇಡೀ ಲೆಕ್ಕ ಕೆಡಿಸುತ್ತದೆ.

ಮೊದಲ 3 ಸೆಂ.ಮೀ. ಒಂದು ಸೀದಾ, ಒಂದು ಉಲ್ಟಾ. ಎಲ್ಲ ಸಾಲೂ ಹೀಗೇ. ಇದು ಅಂಚು, ರಬ್ಬರಿನಂತೆ ಹಿಗ್ಗುತ್ತದೆ. ಆಮೇಲೆ ಹೋಗುವ ಸಾಲು ಪೂರಾ ಸೀದಾ, ಬರುವ ಸಾಲು ಪೂರಾ ಉಲ್ಟಾ. ಕೆಳಗಿನ ಅಂಚಿನಿಂದ ಅಳೆದರೆ 11 ಸೆಂ.ಮೀ. ಆಗುವ ತನಕ ಇಷ್ಟೇ ಕೆಲಸ. ಈ ಭಾಗವೇ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಲೆಕ್ಕ ಇಲ್ಲ, ಕಿಟಕಿಯ ಹೊರಗೆ ನೋಡಬಹುದು, ಎದುರಿನವರ ಜೊತೆ ಮಾತಾಡಬಹುದು. ಯಾದಗಿರಿ, ಸೈದಾಪುರ ದಾಟಿ ಕೃಷ್ಣಾ ಸೇತುವೆ ಬಂದಾಗ ಮಾತ್ರ ನಾನು ಕಡ್ಡಿ ಕೆಳಗಿಡುತ್ತೇನೆ. ಹೊಳೆಗೆ ಕೈ ಮುಗಿಯಬೇಕಲ್ಲ. 2024ರ ಮಾರ್ಚ್‌ನಿಂದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಓಡುತ್ತಿದೆ. ದಾರಿಯ ಬಹುಪಾಲು ಹಗಲಿನಲ್ಲೇ ಸಾಗುವುದರಿಂದ ಹೆಣೆಯುವವರಿಗೆ ಒಳ್ಳೆಯದು. ರಾತ್ರಿ ರೈಲಾದರೆ ಮಂದ ಬೆಳಕಿನಲ್ಲಿ ಕಣ್ಣು ದಣಿಸಬೇಡಿ. ಬೆಳಿಗ್ಗೆ ಎದ್ದು ಮುಂದುವರಿಸಿ.

ಇನ್ನು ನೆತ್ತಿ ಕಿರಿದಾಗಿಸುವುದು. ಮಾತು ನಿಲ್ಲಿಸಿ ಎಣಿಸುವ ಹೊತ್ತು ಇದು. 6 ಕುಣಿಕೆ ಸೀದಾ, ಆಮೇಲೆ 2 ಕುಣಿಕೆ ಸೇರಿಸಿ ಒಂದೇ ಸೀದಾ. ಸಾಲಿನುದ್ದಕ್ಕೆ 9 ಸಲ ಹೀಗೆ ಮಾಡಿದರೆ 63 ಉಳಿಯುತ್ತವೆ. ಬರುವ ಸಾಲು ಉಲ್ಟಾ. ಮುಂದಿನ ಸಲ 5 ಸೀದಾ, 2 ಸೇರಿಸಿ ಒಂದು, 54 ಉಳಿಯುತ್ತವೆ. ಹೀಗೇ ಪ್ರತಿ ಸಲ ಒಂದೊಂದು ಕಡಿಮೆ ಮಾಡುತ್ತಾ ಹೋದರೆ 45, 36, 27, 18. ಕೊನೆಗೆ ಎರಡೆರಡು ಸೇರಿಸಿದರೆ 9. ಪ್ರತಿ ಸಾಲಿನ ಲೆಕ್ಕವನ್ನು ಚೀಟಿಯಲ್ಲಿ ಬರೆಯಿರಿ. ಚಹಾ ಮಾರುವವರು ಬಂದಾಗ, ಯಾರಾದರೂ ಟಿಕೆಟ್ ಕೇಳಿದಾಗ ಮರೆತುಹೋಗುತ್ತದೆ.

ಎಳೆಯನ್ನು ಎರಡು ಗೇಣು ಬಿಟ್ಟು ಕತ್ತರಿಸಿ, ಮೊಂಡ ಸೂಜಿಗೆ ಪೋಣಿಸಿ, ಆ 9 ಕುಣಿಕೆಯೊಳಗೂ ತೂರಿಸಿ ಬಿಗಿಯಾಗಿ ಎಳೆಯಿರಿ. ಅದೇ ಎಳೆಯಲ್ಲಿ ಪಕ್ಕದ ಅಂಚುಗಳನ್ನು ಸೇರಿಸಿ ಹೊಲಿದರೆ ಕುಲಾವಿ ಸಿದ್ಧ. ಗುಂಡಿ, ಮಣಿ, ಉಲ್ಲನ್ ಕುಚ್ಚು ಏನೂ ಬೇಡ. ಕಿತ್ತು ಬಾಯಿಗೆ ಹೋದರೆ ಕಷ್ಟ.

ಕೊಟ್ಟ ಮೇಲೆ

ಬಾಣಂತಿಯ ಕೈಗೆ ಕೊಡುವಾಗ ಎರಡು ಮಾತು ಹೇಳಿ. ಕೌದಿಯನ್ನು ಸುಕ್ಕಿಲ್ಲದಂತೆ ಕೆಳಗೆ ಹಾಸಬೇಕು, ಎಳೆ ಕೂಸಿಗೆ ಹೊದಿಸಬಾರದು, ಮುಖದ ಮೇಲೆ ಬರಬಾರದು. ಕುಲಾವಿ ಹೊರಗೆ ಹೋಗುವಾಗ, ಚಳಿ ಇದ್ದಾಗ ಮಾತ್ರ. ಮನೆಯೊಳಗೆ ಮಲಗಿದಾಗ ತೆಗೆಯಬೇಕು.

ಕುಲಾವಿಯನ್ನು ತಣ್ಣೀರಿನಲ್ಲಿ ಮೆಲ್ಲಗೆ ಹಿಂಡಿ, ನೇತುಹಾಕದೆ ಟವೆಲ್ ಮೇಲೆ ಚಪ್ಪಟೆಯಾಗಿ ಒಣಗಿಸಿ. ಕೌದಿ ನೀರು ಕುಡಿದರೆ ಬಲು ಭಾರ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ, ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ತೊಳೆಯುವಾಗ ಎರಡು ಕಡೆ ಇಬ್ಬರು ಹಿಡಿದು ಹಿಂಡುವುದು ಅದಕ್ಕೇ. ಈ ಸಣ್ಣದನ್ನು ಬಕೆಟಿನಲ್ಲೇ ತೊಳೆದು ಬಿಸಿಲಿಗೆ ಹಾಕಿ, ಎರಡೂ ಮಗ್ಗುಲು ಒಣಗಲಿ. ಒಂದೆರಡು ವರ್ಷದಲ್ಲಿ ಎಲ್ಲಾದರೂ ಹರಿದರೆ, ಆ ಜಾಗದ ಮೇಲೆ ಹಳೇ ಬಟ್ಟೆಯ ಒಂದು ತೇಪೆ ಇಟ್ಟು, ಮೊದಲಿನ ಗೆರೆಗಳ ಮೇಲೇ ಹೊಲಿಯಿರಿ. ಆಗ ಅದು ಕೂಸಿನದೇ ಚಿಕ್ಕದಾದ ಫ್ರಾಕಿನ ತುಂಡಾಗಿರಬಹುದು.