ಒಳ್ಳೆಮೆಣಸಿನ ಜಾಡು ಹಿಡಿದು ಲಿಸ್ಬನ್‌ನಲ್ಲಿ ಒಂದು ದಿನ

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ನಲ್ಲಿ ಸಿಗುವುದು ಒಂದೇ ದಿನ, ಜೊತೆಗೆ ನಾಲ್ಕೈದು ಗೆಳತಿಯರು ಅಂತಾದರೆ ಟೂರಿನವರ ಉದ್ದದ ಪಟ್ಟಿ ಬದಿಗಿಡಿ ಮಾರಾಯ್ರೆ. ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಆ ಊರು ನೋಡಲು ಬೇರೆಯೇ ದಾರಿ ಉಂಟು. ನಮ್ಮ ಕರಾವಳಿಯಿಂದ ಹಡಗು ಹತ್ತಿದ ಒಳ್ಳೆಮೆಣಸು ಅಲ್ಲಿ ಏನಾಯಿತು ಅಂತ ನೋಡುತ್ತಾ ಹೋಗಿ.

ಸೋಮವಾರ ಬೇಡ, ಮುಖ್ಯ ಜಾಗವಾದ ಜೆರೊನಿಮೊಸ್ ಮಠಕ್ಕೇ ಅಂದು ಬೀಗ. ಮೆಟ್ರೋ ಸ್ಟೇಷನ್ನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ನವೆಗಾಂತೆ ಅನ್ನುವ ಪ್ರಯಾಣದ ಕಾರ್ಡ್ ತೆಗೆದುಕೊಳ್ಳಿ. ಒಂದೇ ಕಾರ್ಡ್ ತೋರಿಸಿ ಎಲ್ಲರೂ ಒಳಗೆ ಹೋಗಲು ಆಗುವುದಿಲ್ಲ. ದುಡ್ಡು ತುಂಬಿಸಿಟ್ಟರೆ ರೈಲು, ಬಸ್ಸು, ಟ್ರಾಮ್ ಎಲ್ಲಕ್ಕೂ ಅದೇ ಸಾಕು. ಚಂದದ ಚಪ್ಪಲಿ ರೂಮಿನಲ್ಲಿರಲಿ. ಅಲ್ಲಿಯ ಫುಟ್‌ಪಾತಿನ ಬಿಳಿ ಕಲ್ಲು ಸವೆದು ನುಣ್ಣಗಾಗಿದೆ. ಮಳೆ ಬಂದರೆ ಪಾಚಿ ಹಿಡಿದ ಬಾವಿಕಟ್ಟೆಯ ಹಾಗೆ ಜಾರುತ್ತದೆ.

ಬೆಳಿಗ್ಗೆ ಕಾಯ್ಸ್ ದೊ ಸೊದ್ರೆ ಸ್ಟೇಷನ್ನಿನಿಂದ ಲೋಕಲ್ ರೈಲು ಹತ್ತಿ ಬೆಲೆಂನಲ್ಲಿ ಇಳಿಯಿರಿ. ಎಲ್ಲರೂ 15ನೇ ನಂಬರಿನ ಟ್ರಾಮ್ ಹೇಳುತ್ತಾರೆ. ಗುಂಪಿಗೆ ರೈಲೇ ಆರಾಮ.

ಅಲ್ಲಿ ಜೆರೊನಿಮೊಸ್ ಮಠಕ್ಕೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ. 16ನೇ ಶತಮಾನದ ಆರಂಭದಲ್ಲಿ ಶುರುವಾದ ಕೆಲಸ ಮುಗಿಯಲು ಸುಮಾರು ನೂರು ವರ್ಷ ಹಿಡಿಯಿತು. ಖರ್ಚಿನ ದೊಡ್ಡ ಪಾಲು ಬಂದದ್ದು ಆಫ್ರಿಕಾ, ಪೂರ್ವ ದೇಶಗಳ ಜೊತೆಗಿನ ವ್ಯಾಪಾರದ ಮೇಲೆ ಹಾಕಿದ ಶೇ. 5ರಷ್ಟು ತೆರಿಗೆಯಿಂದ. ಒಳ ಅಂಗಳದ ಕಂಬ, ಕಮಾನುಗಳಲ್ಲಿ ಹಡಗಿನ ಹಗ್ಗಗಳನ್ನೇ ಕೆತ್ತಿದ್ದಾರೆ. ಅಂಗಳಕ್ಕೆ ಟಿಕೆಟ್ ಬೇಕು, ಮುಂಚೆಯೇ ಮಾಡಿಸಿ. ಪಕ್ಕದ ಚರ್ಚಿನ ಬಾಗಿಲು ದಾಟಿದ ಕೂಡಲೇ ಎಡಕ್ಕೆ ವಾಸ್ಕೊ ಡ ಗಾಮಾನ ಸಮಾಧಿ. 1498ರಲ್ಲಿ ಕಲ್ಲಿಕೋಟೆಗೆ ಬಂದವನು, 1524ರಲ್ಲಿ ಕೊಚ್ಚಿಯಲ್ಲಿ ಸತ್ತವನು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಹೆಸರನ್ನೂ ಇವನಿಗೇ ಗಂಟು ಹಾಕುತ್ತಾರಲ್ಲ, ಅವನೇ. ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದ ಉಳ್ಳಾಲದ ಅಬ್ಬಕ್ಕನ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾನಂತೂ ಹೇಳಿದೆ. ಮೆಲ್ಲನೆ ಹೇಳಿದೆ, ಚರ್ಚು ಅಲ್ವಾ.

ಬೆಲೆಂ ಗೋಪುರವನ್ನು ಹೊರಗಿನಿಂದ ನೋಡಿ ಫೋಟೋ ತೆಗೆದರೆ ಸಾಕು. ಒಳಗಿನ ಸುರುಳಿ ಮೆಟ್ಟಿಲು ತುಂಬಾ ಇಕ್ಕಟ್ಟು.

1837ರಿಂದ ನಡೆಯುತ್ತಿರುವ ಪಾಸ್ತೆಯಿಸ್ ದೆ ಬೆಲೆಂ ಬೇಕರಿ ಅಲ್ಲೇ ಹತ್ತಿರ. ಬಾಗಿಲಲ್ಲಿ ಉದ್ದ ಸಾಲು ಕಂಡರೆ ಹೆದರಬೇಡಿ, ಅದು ಪಾರ್ಸೆಲ್ಲಿನವರದ್ದು. ಒಳಗೆ ಕೂರಲು ಕೋಣೆಯ ಹಿಂದೆ ಕೋಣೆ ಉಂಟು. ಇಲ್ಲಿಯ ಬಿಸಿ ಕಸ್ಟರ್ಡ್ ಟಾರ್ಟಿನ ಮೇಲೆ ದಾಲ್ಚಿನ್ನಿ ಪುಡಿ ಧಾರಾಳ ಉದುರಿಸಿ. ಮೊಟ್ಟೆ ತಿನ್ನದವರಿಗೆ ಇಲ್ಲಿ ಕಾಫಿಯೇ ಗತಿ.

ಮಧ್ಯಾಹ್ನ ವಾಪಸ್ ಬಂದು ನದಿ ಬದಿಯಲ್ಲೇ ನಡೆದು ಪ್ರಾಸಾ ದೊ ಕೊಮೆರ್ಸಿಯೊ ಚೌಕಕ್ಕೆ ಹೋಗಿ. ಈಗ ಬರೇ ಹಳದಿ ಕಟ್ಟಡಗಳು ಕಾಣುವ ಈ ಜಾಗದಲ್ಲೇ ಅರಮನೆಯೂ, ಮೆಣಸಿನ ಲೆಕ್ಕ ಬರೆಯುತ್ತಿದ್ದ ಕಾಜಾ ದಾ ಇಂಡಿಯಾ ಕಚೇರಿಯೂ ಇದ್ದವು. 1755ರ ನವೆಂಬರ್ 1ರಂದು ಭೂಕಂಪ, ಸುನಾಮಿ, ಬೆಂಕಿ ಒಂದರ ಹಿಂದೆ ಒಂದು ಬಂದು ಎಲ್ಲ ನುಂಗಿದವು. ಭೂಕಂಪಕ್ಕೆ ಮೊದಲು ಈ ಚೌಕ ಹೇಗಿತ್ತು ಅಂತ ನೋಡಬೇಕಾದರೆ ಗುಡ್ಡದ ಮೇಲಿನ ಸಾಂತಾ ಲೂಜಿಯಾಕ್ಕೆ ಹತ್ತಿ. ಅಲ್ಲಿ ಚರ್ಚಿನ ಗೋಡೆಯ ನೀಲಿ ಟೈಲ್ಸಿನಲ್ಲಿ ಚಿತ್ರ ಉಂಟು. ಮಂಡಿನೋವಿನವರು 737ನೇ ಬಸ್ಸಿನಲ್ಲಿ ಕೋಟೆ ತನಕ ಹೋಗಿ ಇಳಿದು ಬರಲಿ. 28ನೇ ಟ್ರಾಮಿನಲ್ಲಿ ನೂಕಾಟ ಜಾಸ್ತಿ, ಜೇಬುಗಳ್ಳರೂ ಜಾಸ್ತಿ.

ಜೂನಿನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಮೇಲೆ. ಬೆಳಕು ನಂಬಿ ಊಟ ಮರೆಯಬೇಡಿ. ಹೋಟೆಲಿನಲ್ಲಿ ಕೂತ ಕೂಡಲೇ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ. ಕಾಲ್ದೊ ವೆರ್ದೆ ಅನ್ನುವ ಸೊಪ್ಪಿನ ಸೂಪಿನಲ್ಲಿ ಹಂದಿಮಾಂಸದ ತುಂಡು ಹಾಕುತ್ತಾರೆ, ಸಸ್ಯಾಹಾರಿಗಳು ಕೇಳಿಯೇ ತರಿಸಿ. ಮೀನು ತಿನ್ನುವವರಿಗೆ ಸುಟ್ಟ ಬೂತಾಯಿ ಸಿಗುತ್ತದೆ, ನಮ್ಮ ಮಸಾಲೆ ಇಲ್ಲ, ಬರೇ ಉಪ್ಪು. ಬಿಲ್ಲು ಯಾರಾದರೂ ಒಬ್ಬರೇ ಕೊಡಿ, ಪಾಲಿನ ಲೆಕ್ಕ ರೂಮಿಗೆ ಹೋಗಿ ಮಾಡಿ.