ಮೊಲ ಕೆರ್ಕೊಂಡು ಕೆರ್ಕೊಂಡು ಗಾಯ ಮಾಡ್ಕೊಂಡ್ರೆ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು

ಮೊಲ ಆವಾಗಾವಾಗ ಮೈ ಕೆರ್ಕೊಳ್ಳೋದು, ಮೈ ನೆಕ್ಕೊಳ್ಳೋದು ಮಾಮೂಲಿ. ಸೀಸನ್ನಲ್ಲಿ ಕೂದ್ಲು ಉದುರೋದೂ ಮಾಮೂಲಿ, ಕೆಳಗಿನ ಚರ್ಮ ಚೆನ್ನಾಗಿದ್ರೆ ತಲೆ ಕೆಡಿಸ್ಕೊಬ್ಯಾಡ್ರಿ. ಆದ್ರೆ ಹುಲ್ಲು ತಿನ್ನೋದು ಅರ್ಧಕ್ಕೆ ಬಿಟ್ಟು ಹಿಂಗಾಲಲ್ಲಿ ಕಿವಿ ಬಡ್ಕೊಳ್ಳೋದು, ತಲೆ ಒದರೋದು, ಅಲ್ಲಲ್ಲಿ ಬೋಳಾಗಿ ಹಕ್ಕಳೆ ಕಟ್ಟೋದು ಶುರುವಾದ್ರೆ ಅದು ಕಾಯಿಲೆನೇ. ನಮ್ ದಾವಣಗೆರೆ ಚಿತ್ರದುರ್ಗದ ಕಡೆ ಇದನ್ನ ನೋಡಿದ ತಕ್ಷಣ ಬೇವಿನೆಣ್ಣೆಗೆ ಅರಿಶಿಣ ಕಲ್ಸಿ ಮೆತ್ತೋದೇ ಮೊದಲ ಕೆಲ್ಸ, ಮೊಲ ಮೈಗೆ ಏನ್ ಹಚ್ಚಿದ್ರೂ ನೆಕ್ಕಿ ಹೊಟ್ಟೆಗಿಳಿಸುತ್ತೆ ಅನ್ನೋದು ಯಾರಿಗೂ ನೆನಪಾಗಲ್ಲ. ಎಣ್ಣೆ ಆಮೇಲೆ ಇರ್ಲಿ, ಗಾಯ ಎಲ್ಲೈತೆ ನೋಡ್ರಿ ಮೊದ್ಲು, ಜಾಗ ನೋಡಿದ್ರೇನೇ ಅರ್ಧ ಕಾಯಿಲೆ ಗೊತ್ತಾಗುತ್ತೆ.

ನೋಡೋಕೆ ಅಂತ ಕಿವಿ ಹಿಡ್ದು ಎತ್ಬ್ಯಾಡ್ರಿ. ನೆಲದ ಮೇಲೆ ಕೂತು ತೊಡೆಗೆ ಟವಲ್ ಹಾಸ್ಕೊಂಡು, ಒಂದು ಕೈ ಎದೆ ಕೆಳಗೆ ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ ಕೊಟ್ಟು ಕೂರಿಸ್ಕೊಳ್ರಿ, ಹಿಂಗಾಲು ಜೋರಾಗಿ ಒದ್ದ್ರೆ ಅದ್ರದ್ದೇ ಬೆನ್ಮೂಳೆ ಮುರಿಯೋ ಚಾನ್ಸ್ ಇರುತ್ತೆ.

ಕಿವಿ ಒಳಗೆ ಕಂದು ಬಣ್ಣದ ಹಕ್ಕಳೆ ಪದರ ಪದರವಾಗಿ ಕಟ್ಟಿದ್ರೆ ಅದು ಕಿವಿ ಮೈಟ್, ಸೊರೊಪ್ಟಿಸ್ ಅಂತಾರೆ, ಮೈಟ್ ಅಂದ್ರೆ ಚರ್ಮದಲ್ಲಿ ಸೇರ್ಕೊಳ್ಳೋ ತೀರಾ ಸಣ್ಣ ಹುಳ. ಆ ಹಕ್ಕಳೆ ಕಿತ್ಬ್ಯಾಡ್ರಿ, ಬಡ್ಸ್ ಹಾಕಿ ಕೆದಕೋದೂ ಬ್ಯಾಡ, ಅಡಿಯಲ್ಲಿ ಹಸಿ ಗಾಯ ಇರುತ್ತೆ, ವಿಪರೀತ ನೋವು, ಔಷಧಿ ಬಿದ್ಮೇಲೆ ತಾನಾಗೇ ಉದುರುತ್ತೆ. ಮೂಗು, ತುಟಿ, ಕಿವಿ ಅಂಚು, ಕಾಲ್ಬೆರಳಿನ ಸುತ್ತ ಬೂದು ಬಣ್ಣದ ದಪ್ಪ ಹಕ್ಕಳೆ ಇದ್ರೆ ಕಜ್ಜಿ. ಇದು ಎತ್ಕೊಂಡವರ ಕೈಗೂ ಸ್ವಲ್ಪ ದಿನ ತುರಿಕೆ ತರ್ಬಹುದು, ಮಕ್ಳಿಗೆ ಮುಟ್ಟಿದ್ಮೇಲೆ ಸೋಪಲ್ಲಿ ಕೈ ತೊಳ್ಸಿ. ಕತ್ತಿನ ಹಿಂದೆ, ಬೆನ್ ಮೇಲೆ ಬಿಳಿ ಹೊಟ್ಟು ಕಂಡ್ರೆ ಕೂದ್ಲನ್ನ ಉಫ್ ಅಂತ ಊದಿ ಬಿಡಿಸಿ, ಸಣ್ಣ ಬಾಚಣಿಗೆಲಿ ಕಪ್ಪು ಪೇಪರ್ ಮೇಲೆ ಬಾಚಿ ಸುಮ್ನೆ ನೋಡ್ತಾ ಇರಿ, ಹೊಟ್ಟಿನ ಚೂರು ತಾನೇ ಹರಿದಾಡ್ತಾ ಇದ್ರೆ ಅದು ಹೊಟ್ಟಲ್ಲ, ಕೂದ್ಲು ಮೈಟ್. ಅದನ್ನೇ ಸೆಲೋಟೇಪಲ್ಲಿ ಅಂಟಿಸ್ಕೊಂಡು ಡಾಕ್ಟ್ರ ಹತ್ರ ತಗೊಂಡ್ ಹೋದ್ರೆ ಮೈಕ್ರೋಸ್ಕೋಪಲ್ಲಿ ಆಗ್ಲೇ ಗೊತ್ತಾಗುತ್ತೆ. ದುಂಡಗೆ ಬೋಳಾಗಿದ್ರೆ ಹುಳುಕಡ್ಡಿನೂ ಇರ್ಬಹುದು, ಅದೂ ಮನುಷ್ಯರಿಗೆ ಅಂಟುತ್ತೆ.

ಹಿಂಗಾಲಿನ ಅಡಿಯಲ್ಲಿ ಮಾತ್ರ ಗಾಯ ಇದ್ರೆ ಹುಳದ ತಪ್ಪಲ್ಲ, ಕೇಜಿನ ತಪ್ಪು. ನಾಯಿ ಬೆಕ್ಕಿಗಿದ್ದಂಗೆ ಮೊಲಕ್ಕೆ ಪಾದದಡಿ ಮೆತ್ತೆ ಇರಲ್ಲ, ಬರೀ ಕೂದ್ಲು, ತಂತಿ ಜಾಲರಿ ಮೇಲೆ ದಿನಗಟ್ಲೆ ಕೂತ್ರೆ ಸವೆದು ಹುಣ್ಣಾಗುತ್ತೆ. ಮರದ ಹಲಗೆ ಹಾಕಿ ಮೇಲೆ ಒಣಹುಲ್ಲು ದಪ್ಪಗೆ ಹಾಸ್ರಿ, ಒದ್ದೆಯಾದ್ರೆ ಅವತ್ತೇ ಬದಲಾಯಿಸ್ರಿ.

ಈಗ ಔಷಧಿ ವಿಷ್ಯ. ಮೈಟ್‌ಗೆ ಡಾಕ್ಟ್ರು ಸಾಮಾನ್ಯವಾಗಿ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಡ್ತಾರೆ. ಚಳ್ಳಕೆರೆ ಹಿರಿಯೂರು ಕಡೆ ಕುರಿ ಇರೋರ ಮನೇಲಿ ಈ ಬಾಟ್ಲಿ ಇದ್ದೇ ಇರುತ್ತೆ, ಅಲ್ಲೇ ಡೇಂಜರ್ ಇರೋದು. 1% ಬಾಟ್ಲಿಲಿ 1 ಎಂಎಲ್‌ಗೆ 10 ಮಿಲಿಗ್ರಾಂ ಇರುತ್ತೆ, ಕುರಿಗೆ 50 ಕೆಜಿಗೆ 1 ಎಂಎಲ್ ಲೆಕ್ಕ. ಅದೇ ಲೆಕ್ಕ ಹಿಡಿದ್ರೆ 2 ಕೆಜಿ ಮೊಲಕ್ಕೆ ಬರೀ 0.04 ಎಂಎಲ್, ಡಾಕ್ಟ್ರು ಡಬಲ್ ಕೊಟ್ರೂ 0.08. ನಮ್ಮ ಮಾಮೂಲಿ 2 ಎಂಎಲ್ ಸಿರಿಂಜಲ್ಲಿ ಸಣ್ಣ ಗೆರೆನೇ 0.1, ಅಂದ್ರೆ ಅಳೆಯೋಕೇ ಆಗಲ್ಲ, ಕುರಿಗೆ ಹಾಕಿ ರೂಢಿ ಐತೆ ಅಂತ ಅಂದಾಜಲ್ಲಿ ಚುಚ್ಬ್ಯಾಡ್ರಿ. ದನದ ಆಸ್ಪತ್ರೆಗೆ ಹೋಗ್ರಿ, ಮೊಲದ ತೂಕ ಹಾಕಿಸಿ ಅಲ್ಲೇ ಹಾಕಿಸ್ಕೊಳ್ರಿ. ಒಂದು ಇಂಜೆಕ್ಷನ್‌ಗೆ ಮೊಟ್ಟೆ ಸಾಯಲ್ಲ, 10ರಿಂದ 14 ದಿನ ಬಿಟ್ಟು ಇನ್ನೊಂದು, ಕೆಲವಕ್ಕೆ ಮೂರನೇದೂ ಬೇಕು. ಮೊದಲನೇದಕ್ಕೇ ತುರಿಕೆ ಕಮ್ಮಿ ಆಯ್ತು ಅಂತ ಎರಡನೇದಕ್ಕೆ ಹೋಗದೇ ಇರೋರೇ ಜಾಸ್ತಿ, ತಿಂಗ್ಳಿಗೆ ಮತ್ತೆ ಅದೇ ಗೋಳು. ಕೇಜಲ್ಲಿ ನಾಲ್ಕು ಮೊಲ ಇದ್ದು ಒಂದೇ ಕೆರ್ಕೊಂಡ್ರೂ ನಾಲ್ಕಕ್ಕೂ ಕೊಡಿಸ್ಬೇಕು.

ನಾಯಿ ಉಣ್ಣೆಗೆ ಬೆನ್ನಿಗೆ ಬಿಡೋ ಡ್ರಾಪ್ಸ್, ಅದ್ರಲ್ಲಿ ಫಿಪ್ರೋನಿಲ್ ಅಂತ ಬರ್ದಿದ್ರೆ ಮೊಲದ ಹತ್ರ ತರ್ಲೇಬ್ಯಾಡ್ರಿ, ಸಾಯುತ್ತೆ. ಗಾಯ ಕೀವಾಗೈತೆ ಅಂತ ಮಕ್ಳ ಅಮಾಕ್ಸಿಸಿಲಿನ್ ಸಿರಪ್ ಕುಡಿಸೋದೂ ಹಂಗೇ, ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಭೇದಿ ಹತ್ತಿ ಮೊಲನೇ ಹೋಗುತ್ತೆ. ಮೆಡಿಕಲ್ ಶಾಪಿನ ತುರಿಕೆ ಟ್ಯೂಬಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತೆ, ಅದೂ ಆಗಿ ಬರಲ್ಲ. ಸ್ನಾನ ಮಾಡಿಸೋದಂತೂ ಬ್ಯಾಡ್ವೇ ಬ್ಯಾಡ, ನಮ್ ಕಡೆ ಬೇಸಿಗೆ ಶೆಕೆ ಎಷ್ಟೇ ಇರ್ಲಿ.

ಡಾಕ್ಟ್ರು ಸಿಗೋವರ್ಗೂ ಏನಾದ್ರೂ ಮಾಡ್ಲೇಬೇಕು ಅಂದ್ರೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಸ್ಪೂನ್ ಉಪ್ಪು ಹಾಕಿ, ಹತ್ತಿಲಿ ಗಾಯ ಒರೆಸಿ, ಒಣ ಬಟ್ಟೆಲಿ ಒತ್ತಿ ಒಣಗಿಸಿ, ಅಷ್ಟೇ. ಗೋಣಿಚೀಲ, ಹಳೇ ಹುಲ್ಲು ಸುಟ್ಟು ಹಾಕಿ, ಖಾಲಿ ಕೇಜಿಗೆ ಕುದಿಯೋ ನೀರು ಸುರಿದು ಬಿಸ್ಲಿಗಿಡಿ, ಮೈಟ್ ಮೊಲದ ಮೈ ಬಿಟ್ಟೂ ವಾರಗಟ್ಲೆ ಬದುಕಿರುತ್ತೆ. ಮೊಲ ಮಾತ್ರ ನೆರಳಲ್ಲಿರ್ಲಿ.

ಎರಡು ವಿಷ್ಯಕ್ಕೆ ನಾಳೆ ನೋಡಣ ಅನ್ಬ್ಯಾಡ್ರಿ. ಬಾಲದ ಹತ್ರ ಉಚ್ಚೆ ಹಿಕ್ಕೆ ಅಂಟಿ ಒದ್ದೆಯಾಗಿದ್ರೆ ನೊಣ ಮೊಟ್ಟೆ ಇಡುತ್ತೆ, ಒಂದೇ ದಿನದಲ್ಲಿ ಹುಳ ಆಗಿ ಮಾಂಸ ತಿನ್ನುತ್ತೆ, ಮಳೆಗಾಲದಲ್ಲಿ ಬೆಳಿಗ್ಗೆ ಸಂಜೆ ಅಲ್ಲಿ ನೋಡ್ಲೇಬೇಕು. ಎರಡನೇದು, ಅರ್ಧ ದಿನ ಏನೂ ತಿನ್ನದೇ ಹಿಕ್ಕೆನೂ ಹಾಕಿಲ್ಲ ಅಂದ್ರೆ ಗಾಯಕ್ಕಿಂತ ಅದೇ ಎಮರ್ಜೆನ್ಸಿ. ಮಂಡಕ್ಕಿ ಬಿಸ್ಕೆಟ್ ತಿನ್ಸಿ ದಪ್ಪ ಮಾಡಿರೋ ಮೊಲಕ್ಕೆ ಹಿಂಭಾಗ ನೆಕ್ಕೊಳ್ಳೋಕೇ ಬಾಯಿ ಎಟುಕಲ್ಲ, ಅಂಥದ್ದಕ್ಕೇ ಈ ಕೊಳೆ ಜಾಸ್ತಿ, ಹುಲ್ಲೇ ಮುಖ್ಯ ಊಟ ಆಗಿರ್ಲಿ.

ಬೋಳಾದ ಕಡೆ ಕೂದ್ಲು ಬರೋಕೆ ವಾರಗಟ್ಲೆ ಹಿಡಿಯುತ್ತೆ, ಅವಸರ ಮಾಡ್ಬ್ಯಾಡ್ರಿ. ಸಂತೆಯಿಂದ ಇನ್ನೊಂದು ಜೋಡಿ ತರೋ ಪ್ಲಾನ್ ಇದ್ರೆ ಅಲ್ಲಿವರ್ಗೂ ತಡೀರಿ, ತಂದ್ಮೇಲೂ 3 ವಾರ ಬೇರೆ ಕೇಜಲ್ಲೇ ಇಟ್ಟು ಕಿವಿ ಒಳಗೆ ನೋಡಿ ಆಮೇಲೆ ಜೊತೆ ಬಿಡ್ರಿ.